ಬಾರದ ಮಳೆಯ ಲೆಕ್ಕ

ಪತ್ತನಾಜೆಗೆ ಇನ್ನು ಎರಡೇ ದಿನ. ಬೆಂಗ್ರೆಯ ಜೆಟ್ಟಿಗೆ
ಕೊನೆಯ ಸ್ಲ್ಯಾಬು. ಕಬ್ಬಿಣ ಕಟ್ಟಿ ಆಗಿದೆ,
ಹಲಗೆಗೆ ಎಣ್ಣೆ ಹಚ್ಚಿ ಆಗಿದೆ.
ಬೈಕಂಪಾಡಿಯಿಂದ ಹೊರಟ ಮೊದಲ ಮಿಕ್ಸರು
ಕೂಳೂರು ಸೇತುವೆಯ ಮೇಲೆ, ಯಥಾಪ್ರಕಾರ, ನಿಂತಿದೆ.

ಅಳಿವೆಬಾಗಿಲಿನ ಆಚೆ ಕಡಲು
ಕಾವಲಿಯ ತಳದ ಬಣ್ಣಕ್ಕೆ ತಿರುಗಿದೆ.

"ಬರುವುದಿಲ್ಲ ಮೇಡಂ, ಇದು ಬರೀ ಬೆದರಿಕೆ" ಎಂದ ತಿಲಕ್ ಕರ್ಕೇರ,
ಡಿಗ್ರಿ ಮುಗಿಸಿ ಹನ್ನೊಂದು ತಿಂಗಳು, ಹೆಲ್ಮೆಟ್ಟು ಇನ್ನೂ ಹೊಸತು.
"ಬಂದರೂ ಬಂದೀತು" ಎಂದರು ಮೇಸ್ತ್ರಿ ಮಯ್ಯದ್ದಿಯಾಕ,
ಬೀಡಿ ಹೊತ್ತಿಸದೆ ಬೆರಳಲ್ಲೇ ತಿರುಗಿಸುತ್ತ.
ಫೋನಿನ ರೇಡಾರಿನಲ್ಲಿ ಹಸಿರೊಂದು ಹಳದಿಯಾಗಿ
ಮಲ್ಪೆಗೆ ಹೋಗಲೋ ಇಲ್ಲೇ ಇಳಿಯಲೋ ಎಂದು
ಬಸ್‌ಸ್ಟ್ಯಾಂಡಿನ ನೆಂಟನ ಹಾಗೆ ನಿಂತಿದೆ.
ಇಬ್ಬರೂ ನನ್ನ ಮುಖ ನೋಡಿದರು.
ನನ್ನ ಮುಖದಲ್ಲಿ ಹವಾಮಾನ ಇಲ್ಲ ಮಾರಾಯ್ರೆ.

ಸೈಟ್ ಡೈರಿ ತೆಗೆದೆ. ಗಂಟೆ ನಾಲ್ಕು ಹತ್ತು.
ಗೊತ್ತಿರುವುದು: ಟಾರ್ಪಾಲು ಅರ್ಧ ಸ್ಲ್ಯಾಬಿಗೆ ಮಾತ್ರ.
ಗೊತ್ತಿರುವುದು: ವೈಬ್ರೇಟರು ಒಂದೇ, ಇನ್ನೊಂದು ರಿಪೇರಿಗೆ ಹೋಗಿ ವಾರ.
ಗೊತ್ತಿರುವುದು: ಒಮ್ಮೆ ಸುರಿಯಲು ಹೊರಟರೆ
ಆರು ತಾಸು ನಡುವೆ ನಿಲ್ಲಿಸುವ ಹಾಗಿಲ್ಲ,
ನಿಲ್ಲಿಸಿದಲ್ಲಿ ಒಂದು ಗೆರೆ ಉಳಿಯುತ್ತದೆ,
ಆ ಗೆರೆಯ ಮೇಲೆ ನಾಳೆ ಶಾಲೆಯ ಮಕ್ಕಳು
ಫೆರಿ ಕಾಯುತ್ತ ಕುಣಿಯುತ್ತಾರೆ.
ಗೊತ್ತಿಲ್ಲದ್ದು: ಮಳೆ.
ಆ ಒಂದು ಶಬ್ದದ ಮುಂದೆ ಪೆನ್ನು ಸ್ವಲ್ಪ ಹೊತ್ತು ಕೂತಿತು.

"ಗಾಡಿ ವಾಪಸು" ಅಂದೆ.
ಪ್ಲಾಂಟಿನವನು ತುಳುವಿನಲ್ಲಿ ಬೇಡಿ, ಕನ್ನಡದಲ್ಲಿ ವಾದಿಸಿ,
ಹಿಂದಿಯಲ್ಲಿ ಬೈದ.

ಮಳೆ ಬರಲಿಲ್ಲ.
ಐದಕ್ಕೆ ಬರಲಿಲ್ಲ. ಏಳಕ್ಕೂ ಬರಲಿಲ್ಲ.
ಒಂಬತ್ತಕ್ಕೆ ಬೊಕ್ಕಪಟ್ಣದ ಮೇಲೆ
ತೊಳೆದು ಕವುಚಿಟ್ಟ ಪಿಂಗಾಣಿಯಂಥ ಚಂದ್ರ.
ಧಣಿಗಳ ಫೋನು: "ಎರಡು ಲೋಡು ಕಲ್ಲಾಯಿತಂತೆ ವಾಯ್ಲೆಟ್,
ಬಿಲ್ಲು ಯಾರ ಹೆಸರಿಗೆ ಬರೆಯಲಿ?"
"ನನ್ನ ಹೆಸರಿಗೇ."
ಬದಿಯಲ್ಲಿ ತಿಲಕ್ ಚಂದ್ರನನ್ನು ನೋಡುತ್ತಿದ್ದ,
ಪಾಪ, ನಗು ತಡೆಯಲು.

ಅವನಿಗೆ ಮೂಲ್ಕಿಯ ಗೋದಾಮಿನ ಕಥೆ ಹೇಳಿಲ್ಲ.
ಮೂರು ವರ್ಷದ ಹಿಂದೆ ಇದೇ ಮೋಡ, ಇದೇ ಅರ್ಧ ಟಾರ್ಪಾಲು.
ಅಂದು ನಾನು ಡೈರಿ ತೆಗೆಯಲಿಲ್ಲ.
ಗಡುವು ಹತ್ತಿರ ಬಂದಿತ್ತು, ಜನ ನೋಡುತ್ತಿದ್ದರು,
"ಸುರಿಯಿರಿ" ಎಂಬುದು ಬಾಯಲ್ಲಿ ಚೆನ್ನಾಗಿ ಕೇಳಿಸುತ್ತಿತ್ತು.
ಅಂದೂ ಮಳೆ ಬರಲಿಲ್ಲ.
ಗಂಡೆದೆಯ ಹೆಂಗಸು ಎಂದು ಶಾಲು ಹೊದೆಸಿದರು,
ಒಂದು ಗೋಡೆ ಗಡಿಯಾರ ಕೊಟ್ಟರು.
ಅದು ಈಗಲೂ ನಮ್ಮ ಊಟದ ಮೇಜಿನ ಎದುರು
ಐದು ನಿಮಿಷ ಮುಂದೆ ಓಡುತ್ತದೆ.
ಅನ್ನ ಕಲಸುವಾಗ ಕೆಲವೊಮ್ಮೆ ಕತ್ತೆತ್ತಲಾರೆ.

ಎರಡು ಸಲವೂ ಮಳೆ ಮಾಡಿದ್ದು ಒಂದೇ ಕೆಲಸ,
ಬಾರದೆ ಇದ್ದದ್ದು.
ನನಗೆ ಒಮ್ಮೆ ಶಾಲು, ಒಮ್ಮೆ ಬಿಲ್ಲು.
ಬಿಲ್ಲನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡೆ.
ಸಮಾಧಾನ ಆಯಿತು ಅಂದರೆ ಸುಳ್ಳು. ನಿದ್ದೆ ಬಂತು.

ಬೆಳಿಗ್ಗೆ ಕಡಲು ಮತ್ತೆ ಕಾವಲಿ ಬಣ್ಣ.
ಮಯ್ಯದ್ದಿಯಾಕ ಎರಡು ಬೋಟಿನವರನ್ನು ಕಾಡಿ
ಮೀನು ವಾಸನೆಯ ಟಾರ್ಪಾಲು ಹೊರಿಸಿಕೊಂಡು ಬಂದರು.
ವೈಬ್ರೇಟರು ರಿಕ್ಷಾದಲ್ಲಿ, ಮಗುವಿನ ಹಾಗೆ, ಯಾರದೋ ತೊಡೆಯ ಮೇಲೆ.
"ಮೋಡ ನಿನ್ನೆಯ ಹಾಗೇ ಉಂಟಲ್ಲ ಮೇಡಂ?"
"ಮೋಡ ಉಂಟು. ಟಾರ್ಪಾಲು ನಿನ್ನೆಯ ಹಾಗಿಲ್ಲ."
ಡೈರಿಯನ್ನು ತಿಲಕನ ಕೈಗೆ ಕೊಟ್ಟೆ:
"ಇವತ್ತು ನೀನು ಬರಿ."

ಗೊತ್ತಿರುವುದನ್ನೆಲ್ಲ ಸರಸರ ಬರೆದ.
ಕೊನೆಯ ಸಾಲಿಗೆ ಬಂದು ನಿಂತ,
ಆಕಾಶ ನೋಡಿದ, ರೇಡಾರು ನೋಡಿದ,
ಆಮೇಲೆ ನನ್ನ ಮುಖ.

ನಾನು ಆಚೆ ದಡದಿಂದ ಹೊರಟ
ಫೆರಿಯನ್ನು ನೋಡುತ್ತಿದ್ದೆ.